ಸಹೋದ್ಯೋಗಿಯ ವಾಕ್ಯಕ್ಕೆ ಕೈ ಹಾಕುವ ಸಂಕೋಚ

ಕಚೇರಿಗಳಿಗೆ ವಿಕಿ, ಅಂದರೆ ಓದುವವರೇ ತಿದ್ದಬಹುದಾದ ಪುಟಗಳ ಜಾಲತಾಣ, ಹಾಕಿಕೊಟ್ಟು, ಆಮೇಲೆ ಅದು ಪಾಳು ಬೀಳದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಬೇರೆ ಬೇರೆ ಕಡೆ ನಾನು ಮತ್ತೆ ಮತ್ತೆ ಕಂಡಿರುವ ತೊಡಕು ಒಂದೇ: ಸಹೋದ್ಯೋಗಿ ಬರೆದ ವಾಕ್ಯ ತಪ್ಪೆಂದು ಗೊತ್ತಿದ್ದರೂ ಅದನ್ನು ತಿದ್ದಲು ಜನರಿಗೆ ಕೈ ಬರುವುದಿಲ್ಲ, ಬರೆದವರು ಹಿರಿಯರಾಗಿದ್ದರಂತೂ ಕೇಳುವುದೇ ಬೇಡ.

ಒಂದು ಸಂಸ್ಥೆಯ ವಿಕಿಯಲ್ಲಿ, ಬ್ಯಾಕಪ್‌ನಿಂದ ಕಡತಗಳನ್ನು ಮರಳಿ ಪಡೆಯುವ ವಿಧಾನವನ್ನು ತಿಳಿಸುವ ಪುಟವಿತ್ತು. ಅದರ ಮೂರನೆಯ ಹಂತದಲ್ಲಿ ಹಳೆಯ ಸರ್ವರ್‌ನ ಹೆಸರು ಹಾಗೆಯೇ ಉಳಿದಿತ್ತು. ಗಮನಿಸಿದವರೊಬ್ಬರು ಆ ಹೆಸರನ್ನು ಮುಟ್ಟದೆ, ಪುಟದ ಕೊನೆಯಲ್ಲಿ ‘ಮೂರನೆಯ ಹಂತ ಈಗ ಅನ್ವಯಿಸುವುದಿಲ್ಲ’ ಎಂದು ಬರೆದರು. ಇನ್ನೊಬ್ಬರು ಅದರ ಕೆಳಗೆ ‘ಹೌದು, ಹೊಸ ಸರ್ವರ್ ಬಳಸಿ’ ಎಂದು ಸೇರಿಸಿದರು. ಹೊಸದಾಗಿ ಸೇರಿದ್ದ ಉದ್ಯೋಗಿ ಒಂದೊಂದೇ ಹಂತವನ್ನು ಓದಿ ಮಾಡುತ್ತ ಬಂದು ಆ ಟಿಪ್ಪಣಿಗಳನ್ನು ತಲುಪುವ ಹೊತ್ತಿಗೆ ಕೆಲಸ ಕೆಟ್ಟಿತ್ತು.

ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ತೆರೆದಾಗ, ಹವಾಯಿ ಭಾಷೆಯಲ್ಲಿ ‘ಬೇಗ’ ಎಂಬ ಅರ್ಥವಿರುವ ಪದವನ್ನು ಅದಕ್ಕೆ ಹೆಸರಾಗಿಟ್ಟರು. ಓದುತ್ತಿರುವವರೇ ತಪ್ಪನ್ನು ಕಂಡಲ್ಲೇ ತಿದ್ದಬಲ್ಲರು ಎಂಬುದೇ ಆ ಬೇಗದ ಗುಟ್ಟು. ಕೆಳಗೆ ಟಿಪ್ಪಣಿ ಪೇರಿಸುತ್ತ ಹೋಗುವುದಾದರೆ ಅದಕ್ಕೆ ಇಮೇಲ್ ಸಾಕಿತ್ತು.

ಆದ್ದರಿಂದ ತರಬೇತಿಯ ಮೊದಲ ದಿನ ತಂಡದ ಹಿರಿಯರಿಂದ ಒಂದು ಪ್ಯಾರಾ ಬರೆಸಿ, ಎಲ್ಲರಿಗಿಂತ ಕಿರಿಯರಿಗೆ ಅದನ್ನು ಅರ್ಧಕ್ಕೆ ಇಳಿಸಲು ಹೇಳುತ್ತೇನೆ. ಬಳಿಕ ಆ ಪುಟದ ಬದಲಾವಣೆಗಳ ದಾಖಲೆಯಾದ ‘ಇತಿಹಾಸ’ವನ್ನು ತೆರೆದು, ಯಾವ ಪದ ಹೋಯಿತು, ಯಾವುದು ಬಂತು, ಯಾರು ಎಷ್ಟು ಹೊತ್ತಿಗೆ ಬದಲಿಸಿದರು ಎಂಬುದನ್ನು ತೋರಿಸಿ, ಹಳೆಯ ಆವೃತ್ತಿಯನ್ನು ಅಲ್ಲಿಯೇ ಮರಳಿ ತರುತ್ತೇನೆ. ಅಳಿಸಿದ್ದು ಎಲ್ಲಿಯೂ ಕಳೆದುಹೋಗುವುದಿಲ್ಲವೆಂಬುದನ್ನು ಕಣ್ಣಾರೆ ಕಂಡ ಮೇಲೆ ಕೋಣೆಯ ಬಿಗು ಸಡಿಲಾಗುತ್ತದೆ. ಪ್ಯಾರಾದ ತುದಿಗೆ ತಮ್ಮ ಹೆಸರು ಹಾಕಿಕೊಳ್ಳುವ ಅಭ್ಯಾಸವನ್ನೂ ಅಂದೇ ಬಿಡಿಸುತ್ತೇನೆ. ಹೆಸರು ಹೊತ್ತ ಪ್ಯಾರಾವನ್ನು ಮತ್ತೊಬ್ಬರು ತಿದ್ದುವುದಿಲ್ಲ.

ತಿದ್ದಿದವರು ‘ಸರ್ವರ್ ಹೆಸರು ಬದಲಾಗಿದೆ’ ಎಂಬಂಥ ಒಂದು ಸಾಲಿನ ಕಾರಣವನ್ನು, ಪುಟ ಉಳಿಸುವಾಗ ಸಿಗುವ ‘ಸಾರಾಂಶ’ದ ಜಾಗದಲ್ಲಿ ಬರೆಯಬೇಕು. ಭಿನ್ನಾಭಿಪ್ರಾಯವಿದ್ದರೆ ಅದರ ಜಾಗ, ಪುಟದ ಜೊತೆಗೇ ಮಾತುಕತೆಗೆಂದು ಇರುವ ಚರ್ಚಾಪುಟ. ಇಬ್ಬರು ಏಕಕಾಲಕ್ಕೆ ಒಂದೇ ಭಾಗವನ್ನು ತಿದ್ದಿದರೆ ಬರುವ ಸಂಘರ್ಷದ ಎಚ್ಚರಿಕೆಗೆ ಹಲವರು ಹೆದರುತ್ತಾರೆ. ಇಡೀ ಪುಟವನ್ನು ತೆರೆದಿಟ್ಟುಕೊಂಡು ಗಂಟೆಗಟ್ಟಲೆ ಕೂರದೆ, ಬೇಕಾದ ವಿಭಾಗವನ್ನಷ್ಟೇ ತೆರೆದು ಆಗಾಗ ಉಳಿಸುತ್ತಿದ್ದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಸಹಿಯಾದ ಒಪ್ಪಂದ, ಅನುಮೋದನೆ ಪಡೆದ ನಿಯಮಾವಳಿ ಇಂಥವನ್ನು ಮಾತ್ರ ನಾನು ಮುಕ್ತ ಪುಟಗಳಲ್ಲಿ ಇಡಗೊಡುವುದಿಲ್ಲ. ಅವುಗಳ ಕರಡು ವಿಕಿಯಲ್ಲಿ ಎಲ್ಲರ ಕೈಯಲ್ಲಿ ಬೆಳೆಯಲಿ, ಅಂತಿಮ ಪ್ರತಿ ಬೀಗ ಹಾಕಿದ ಪುಟಕ್ಕೆ ಹೋಗಲಿ.