ಪ್ಯಾರಿಸ್ಸಿನ ಇಂಗ್ಲಿಷ್ ಪೇಪರೂ ಮುದುಕಿಯ ಪ್ರಶ್ನೆಯೂ

1899ರ ಡಿಸೆಂಬರ್ ಕೊನೆಯಲ್ಲಿ ಪ್ಯಾರಿಸ್ಸಿನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಪುಟ್ಟ ಪತ್ರ ಅಚ್ಚಾಯಿತು. ಸೆಂಟಿಗ್ರೇಡನ್ನು ಫ್ಯಾರನ್‌ಹೀಟ್‌ಗೆ ಬದಲಾಯಿಸೋದು ಹೇಗೆ ಅನ್ನೋದು ಪ್ರಶ್ನೆ. ಕೆಳಗೆ 'ಫಿಲಡೆಲ್ಫಿಯಾದ ಮುದುಕಿ' ಎಂಬ ಸಹಿ. ಆಮೇಲೆ ಅದೇ ಪತ್ರ ದಿನಾ ಬರತೊಡಗಿತು. ಓದುಗರು ಉತ್ತರ ಬರೆದರು, ಬೈದರು. ಊಹೂಂ, ನಿಲ್ಲಲಿಲ್ಲ. 1918ರಲ್ಲಿ ಮಾಲೀಕ ಜೇಮ್ಸ್ ಗಾರ್ಡನ್ ಬೆನೆಟ್ ತೀರಿಕೊಳ್ಳುವವರೆಗೂ ಬಂತು.

ದುಡ್ಡಿದ್ದವನ ಹುಚ್ಚಾಟ, ಸರಿ. ಆದರೆ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ ಈ ಪ್ಯಾರಿಸ್ ಆವೃತ್ತಿಯನ್ನು ಬೆನೆಟ್ 1887ರಲ್ಲಿ ಶುರು ಮಾಡಿದ್ದ. ಯುರೋಪಿನಲ್ಲಿದ್ದ ಅಮೆರಿಕನ್ನರು ಅದನ್ನು ಓದುತ್ತಿದ್ದರು. ಊರಲ್ಲಿ ರೂಢಿಯಾಗಿದ್ದು ಫ್ಯಾರನ್‌ಹೀಟ್. 20 ಡಿಗ್ರಿ ಅಂದರೆ ಮೈ ಕೊರೆಯುವ ಚಳಿ. ಪ್ಯಾರಿಸ್ಸಿನ ಥರ್ಮಾಮೀಟರ್‌ನಲ್ಲಿ 20 ಅಂದರೆ ಹಿತವಾದ ಹವೆ.

ಲೆಕ್ಕ ಕಷ್ಟದ್ದಲ್ಲ. ನೀರು ಹೆಪ್ಪುಗಟ್ಟುವುದರಿಂದ ಕುದಿಯುವವರೆಗೆ ಸೆಂಟಿಗ್ರೇಡಿನಲ್ಲಿ 100 ಭಾಗ. ಫ್ಯಾರನ್‌ಹೀಟ್‌ನಲ್ಲಿ 32ರಿಂದ 212ರವರೆಗೆ 180 ಭಾಗ. ಹಾಗಾಗಿ ಸೆಂಟಿಗ್ರೇಡನ್ನು 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿಸಿದರೆ ಆಯ್ತು. 20 ಇದ್ದದ್ದು 68 ಆಗುತ್ತದೆ. ಎರಡರ ಸೊನ್ನೆಯೂ ಬೇರೆ ಬೇರೆ ಕಡೆ ಇದೆಯಲ್ಲ, ಅದಕ್ಕೇ ಬರೀ ಗುಣಿಸಿದರೆ ಸಾಲದು. ಮೈನಸ್ 40ರಲ್ಲಿ ಮಾತ್ರ ಎರಡೂ ಒಂದೇ ಅಂಕಿ ತೋರಿಸುತ್ತವೆ.

ಬೆನೆಟ್‌ನ ದೊಡ್ಡ ತಲೆನೋವು ಬೇರೆ ಇತ್ತು. ಅಮೆರಿಕದ ಸುದ್ದಿ ಬರಬೇಕಾದದ್ದು ಅಟ್ಲಾಂಟಿಕ್ ತಳದ ತಂತಿಯಲ್ಲಿ. ಪದಕ್ಕಿಷ್ಟು ಅಂತ ದುಡ್ಡು. ತಾಮ್ರದ ಎಳೆಗೆ ಗಟಾಪರ್ಚಾ ಎಂಬ ಮರದ ಅಂಟಿನ ಹೊದಿಕೆ, ಅದರಾಚೆ ಉಪ್ಪುನೀರು. ಹೀಗಿದ್ದಾಗ ಇಡೀ ತಂತಿ ವಿದ್ಯುತ್ತನ್ನು ಕೂಡಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಅವಸರ ಮಾಡಿದರೆ ಒಂದು ಸಂಕೇತದ ಬಾಲ ಮುಂದಿನದರ ತಲೆಯ ಮೇಲೆ ಬೀಳುತ್ತದೆ, ಆ ಕಡೆಯವರಿಗೆ ಒಂದೂ ತಿಳಿಯದು. ಸಾಗುವ ಪದಗಳೇ ಕಡಿಮೆ, ಜೊತೆಗೆ ಕಂಪನಿಗಳ ಏಕಸ್ವಾಮ್ಯ. ದರ ಏರದೆ ಇರುತ್ತದೆಯೇ? ಪ್ಯಾರಿಸ್ ಪತ್ರಿಕೆಗೂ ಮೊದಲೇ, 1884ರಲ್ಲಿ, ಬೆನೆಟ್ ಬೆಳ್ಳಿ ಗಣಿಯ ಸಾಹುಕಾರ ಜಾನ್ ಮೆಕೇ ಜೊತೆ ಸೇರಿ ಸ್ವಂತ ತಂತಿಯನ್ನೇ ಹಾಕಿಸಿದ. ದರ ಇಳಿಯಿತು.

ಮುಂದೆ ಪತ್ರಿಕೆ ಹಲವು ಕೈ ಬದಲಾಯಿತು. ಜರ್ಮನ್ನರು ಪ್ಯಾರಿಸ್ ಹಿಡಿದಾಗ 1940ರಲ್ಲಿ ನಿಂತು, 1944ರಲ್ಲಿ ಮತ್ತೆ ಶುರುವಾಯಿತು. 1967ರಲ್ಲಿ ಇಂಟರ್‌ನ್ಯಾಷನಲ್ ಹೆರಾಲ್ಡ್ ಟ್ರಿಬ್ಯೂನ್ ಆಯಿತು. 1980ರಲ್ಲಿ ಅದರ ಪುಟಗಳು ಉಪಗ್ರಹದ ಮೂಲಕ ಹಾಂಗ್‌ಕಾಂಗ್ ತಲುಪತೊಡಗಿದವು. ಪುಟವನ್ನು ಗೆರೆ ಗೆರೆಯಾಗಿ ಓದಿ, ಕಪ್ಪು ಬಿಳುಪನ್ನು ಸಂಕೇತವಾಗಿಸಿ, ಸುಮಾರು 36,000 ಕಿ.ಮೀ. ಮೇಲಕ್ಕೆ ಕಳಿಸುವುದು. ಅದು ಮೇಲೆ ಹೋಗಿ ಕೆಳಗಿಳಿಯಲು ಕಾಲು ಸೆಕೆಂಡ್. ಪುಟವೆಲ್ಲ ಮುಗಿಯಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು ಅನ್ನಿ. ಆದರೂ ಏಷ್ಯಾದ ಓದುಗರು ವಿಮಾನದಲ್ಲಿ ಬರುವ ಪೇಪರ್ ಕಟ್ಟಿಗೆ ಕಾಯೋದು ತಪ್ಪಿತು.