ಹೆಸರಿಗಿಂತ ಮೊದಲು ನೋಟ

ತೌಲನಿಕ ಸಾಹಿತ್ಯ ಮತ್ತು ಕಲೆಯ ಪಠ್ಯಕ್ರಮದಲ್ಲಿ ‘ಮಹಿಳಾ ಧ್ವನಿ’ ಸಾಮಾನ್ಯವಾಗಿ ಕೊನೆಯ ಘಟಕವಾಗಿ ಬರುತ್ತದೆ. ನಾಲ್ಕೈದು ಲೇಖಕಿಯರು, ಒಬ್ಬಿಬ್ಬರು ಚಿತ್ರಕಲಾವಿದೆಯರು ಸೇರಿಕೊಂಡರೆ ಕೊರತೆ ತುಂಬಿತೆಂಬ ಸಮಾಧಾನ ನಮ್ಮಂಥ ಅಧ್ಯಾಪಕರಿಗೆ. ಆದರೆ ಒಂದು ಕೃತಿ ನಮ್ಮನ್ನು ಎಲ್ಲಿ ನಿಲ್ಲಿಸಿ, ಯಾರ ಕಣ್ಣಿನಿಂದ ನೋಡಿಸುತ್ತಿದೆ ಎಂಬುದನ್ನು ಗುರುತಿಸಲು ಕಲಿಯದ ವಿದ್ಯಾರ್ಥಿಗೆ ಹತ್ತು ಹೊಸ ಹೆಸರುಗಳನ್ನು ಕೊಟ್ಟರೂ ಪರೀಕ್ಷೆಗೆ ಹತ್ತು ಟಿಪ್ಪಣಿಗಳು ಸಿಕ್ಕಂತಾಗುತ್ತದೆ, ಅಷ್ಟೆ. ಕಲೆಯನ್ನು ನೋಡಲು, ಓದಲು ಕಲಿಸುವ ಸೌಂದರ್ಯ ಶಿಕ್ಷಣ ಈ ಗುರುತಿಸುವಿಕೆಯಿಂದಲೇ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ.

ತರಗತಿಯಲ್ಲಿ ನಾನು ಹೆಚ್ಚಾಗಿ ಬಳಸುವುದು ಸೂಸನ್ನಾಳ ಎರಡು ಚಿತ್ರಗಳನ್ನು. ಸ್ನಾನಕ್ಕೆ ಹೊರಟ ಹೆಂಗಸನ್ನು ಕದ್ದು ನೋಡಿದ ಇಬ್ಬರು ಹಿರಿಯರು ಅವಳನ್ನು ಬೆದರಿಸಿ, ಅವಳು ಒಪ್ಪದಿದ್ದಾಗ ಸುಳ್ಳು ಆರೋಪ ಹೊರಿಸುವ ಈ ಬೈಬಲ್ ಕಥೆಯನ್ನು ಯೂರೋಪಿನ ಚಿತ್ರಕಾರರು ಮತ್ತೆ ಮತ್ತೆ ಬಿಡಿಸಿದ್ದಾರೆ. 1550ರ ದಶಕದಲ್ಲಿ ಇಟಲಿಯ ಚಿತ್ರಕಾರ ತಿಂತೊರೆತ್ತೊ ಬಿಡಿಸಿದ, ಈಗ ವಿಯೆನ್ನಾದಲ್ಲಿರುವ ಚಿತ್ರದಲ್ಲಿ ಸೂಸನ್ನಾ ಗುಲಾಬಿ ಬೇಲಿಗೆ ಒರಗಿಸಿದ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಾ ಮೈಮರೆತಿದ್ದಾಳೆ. ಮುತ್ತು, ಬಾಚಣಿಗೆ, ಬಟ್ಟೆ ಸುತ್ತ ಹರಡಿವೆ. ಮುದುಕರು ಬೇಲಿಯ ಎರಡು ತುದಿಗಳಲ್ಲಿ ಅಡಗಿದ್ದಾರೆ. ಬೆಳಕೆಲ್ಲ ಅವಳ ಮೈಮೇಲೆ. ಇಟಲಿಯದೇ ಚಿತ್ರಕಲಾವಿದೆ ಆರ್ತೆಮಿಸಿಯಾ ಜೆಂತಿಲೆಸ್ಕಿಯ ಚಿತ್ರದಲ್ಲಿ ತೋಟವೇ ಇಲ್ಲ, ಕನ್ನಡಿಯೂ ಇಲ್ಲ. ಬರಿಯ ಕಲ್ಲಿನ ಆಸನದ ಮೇಲೆ ಸೂಸನ್ನಾ ಮೈ ತಿರುಚಿ, ಮುಖ ಹೊರಳಿಸಿ, ಎರಡು ಕೈಗಳನ್ನೂ ಎತ್ತಿ ತಡೆಯುತ್ತಿದ್ದಾಳೆ; ಹಿಂದಿನ ಗೋಡೆಯ ಮೇಲಿಂದ ಇಬ್ಬರೂ ಅವಳ ಮೇಲೆ ಬಾಗಿದ್ದಾರೆ, ಒಬ್ಬ ತುಟಿಗೆ ಬೆರಳಿಟ್ಟು ಸುಮ್ಮನಿರೆಂದು ಸನ್ನೆ ಮಾಡುತ್ತಿದ್ದಾನೆ. ಮೊದಲನೆಯ ಚಿತ್ರದಲ್ಲಿ ನೋಡುಗನೂ ಮುದುಕರ ಜೊತೆ ಇಣುಕಬಹುದು. ಎರಡನೆಯದರಲ್ಲಿ ಅಂಥ ಮರೆಯ ಜಾಗ ಯಾರಿಗೂ ಸಿಗುವುದಿಲ್ಲ. ಚಿತ್ರಕಾರರ ಹೆಸರು ಹೇಳದೆ, ಯಾರು ಯಾರನ್ನು ನೋಡುತ್ತಿದ್ದಾರೆ, ಬೆಳಕು ಎಲ್ಲಿ ಬಿದ್ದಿದೆ, ಕೈಗಳು ಏನು ಮಾಡುತ್ತಿವೆ ಎಂದಷ್ಟೇ ಬರೆಯಿರಿ ಎಂದರೆ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ತಾವಾಗಿಯೇ ಹಿಡಿಯುತ್ತಾರೆ.

ಹೆಸರು ಹೇಳಿದ ಕೂಡಲೇ ಬೇರೊಂದು ತೊಡಕು ಎದುರಾಗುತ್ತದೆ. 1611ರಲ್ಲಿ ಆರ್ತೆಮಿಸಿಯಾಳ ಮೇಲೆ ಅತ್ಯಾಚಾರ ನಡೆಯಿತು, 1612ರಲ್ಲಿ ಅದರ ವಿಚಾರಣೆ ನಡೆಯಿತು ಎಂದು ಓದಿದವರು ಚಿತ್ರವನ್ನು ಆ ನೋವಿನ ದಾಖಲೆಯೆಂದು ಬರೆದು ಮುಗಿಸುತ್ತಾರೆ. ಆದರೆ ಚಿತ್ರದ ಮೇಲಿರುವ ಇಸವಿ 1610. ಆಗ ಅವಳಿಗೆ 17ರ ಆಸುಪಾಸು. ಇಷ್ಟು ಪಳಗಿದ ಕೈಯನ್ನು ನಂಬದೆ ಇದು ಚಿತ್ರಕಾರನೇ ಆಗಿದ್ದ ಅವಳ ತಂದೆ ಒರಾಜಿಯೊನ ಕೆಲಸವೆಂದ ವಿದ್ವಾಂಸರೂ ಇದ್ದರು. ಕೌಶಲವನ್ನು ತಂದೆಗೂ ಸಂಕಟವನ್ನು ಮಗಳಿಗೂ ಹಂಚುವ ಈ ಓದು ನನಗೆ ಒಪ್ಪಿಗೆಯಿಲ್ಲ. ಹೆಂಗಸು ಮಾಡಿದ್ದೆಲ್ಲ ಆತ್ಮಕಥೆ ಎಂದುಕೊಂಡರೆ ವಿನ್ಯಾಸ, ಆಯ್ಕೆ, ಪರಂಪರೆಯೊಡನೆ ಅವಳು ನಡೆಸಿದ ವಾಗ್ವಾದ ಇವೆಲ್ಲ ಕಣ್ಣಿಗೆ ಬೀಳುವುದೇ ಇಲ್ಲ. ಹೆಂಗಸರೆಲ್ಲರೂ ಒಂದೇ ಬಗೆಯಲ್ಲಿ ನೋಡುತ್ತಾರೆ ಎಂಬ ತೀರ್ಮಾನವೂ ಅಷ್ಟೇ ಅವಸರದ್ದು.

ಯಾರಿಗೆ ಏನನ್ನು ನೋಡಲು ಅವಕಾಶವಿತ್ತು ಎಂಬ ಪ್ರಶ್ನೆಯೂ ಇಲ್ಲಿ ಸೇರಬೇಕು. 1768ರಲ್ಲಿ ಲಂಡನ್ನಿನ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಸ್ಥಾಪಕ ಸದಸ್ಯರಲ್ಲಿ ಆಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್ ಇದ್ದರು. ಕೆಲವೇ ವರ್ಷಗಳ ನಂತರ ಯೋಹಾನ್ ಝೋಫನಿ ಅಕಾಡೆಮಿಯ ಸದಸ್ಯರನ್ನು ಬೆತ್ತಲೆ ಮಾದರಿಯ ಸುತ್ತ ಕೂಡಿಸಿ ಚಿತ್ರ ಬಿಡಿಸಿದಾಗ, ಆ ಕೋಣೆಯಲ್ಲಿರಲು ಹೆಂಗಸರಿಗೆ ಅನುಮತಿಯಿಲ್ಲದ್ದರಿಂದ ಈ ಇಬ್ಬರನ್ನು ಗೋಡೆಗೆ ತೂಗುಹಾಕಿದ ಭಾವಚಿತ್ರಗಳಾಗಿ ತೋರಿಸಿದ.

ಸಾಹಿತ್ಯಕ್ಕೆ ಬಂದರೆ ಜಯದೇವನ ಗೀತಗೋವಿಂದದ ಪಕ್ಕದಲ್ಲಿ, 18ನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಕವಯಿತ್ರಿ ಮುದ್ದುಪಳನಿ ತೆಲುಗಿನಲ್ಲಿ ಬರೆದ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು ಇಡಬಹುದು. ಎರಡರಲ್ಲೂ ಮುನಿದ ರಾಧೆಯನ್ನು ಕೃಷ್ಣ ಸಂತೈಸುತ್ತಾನೆ. ಮುದ್ದುಪಳನಿಯ ರಾಧೆಯಾದರೋ ತಾನೇ ಸಾಕಿದ ಇಳಾ ಎಂಬ ಹುಡುಗಿಯನ್ನು ಕೃಷ್ಣನಿಗೆ ಕೊಟ್ಟು ಮದುವೆ ಮಾಡಿ, ಇಬ್ಬರಿಗೂ ಬುದ್ಧಿ ಹೇಳಿ ಕಳುಹಿಸಿ, ಆಮೇಲೆ ಮತ್ಸರದಲ್ಲಿ ಬೇಯುವ ಹೆಣ್ಣು. ಅವಳ ಮುನಿಸಿಗೆ ವಯಸ್ಸಿದೆ, ಅನುಭವವಿದೆ, ತನ್ನ ಆಸೆಯನ್ನು ಬಾಯಿಬಿಟ್ಟು ಹೇಳುವ ಹಕ್ಕಿದೆ. 1910ರಲ್ಲಿ ಗಾಯಕಿ ಬೆಂಗಳೂರು ನಾಗರತ್ನಮ್ಮನವರು ಈ ಕಾವ್ಯವನ್ನು ಮತ್ತೆ ಅಚ್ಚುಹಾಕಿಸಿದಾಗ ಅಶ್ಲೀಲವೆಂಬ ಕೂಗೆದ್ದು ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1940ರ ದಶಕದಲ್ಲಿ. ಗಂಡಸರ ಶೃಂಗಾರ ಕಾವ್ಯಗಳಿಗಿಲ್ಲದ ನಾಚಿಕೆಯ ಕಟ್ಟಳೆ ಹೆಂಗಸಿನ ಕಾವ್ಯಕ್ಕೆ ಮಾತ್ರ ಏಕೆ ಎಂದು ನಾಗರತ್ನಮ್ಮನವರು ಆಗಲೇ ಕೇಳಿದ್ದರು.

ಈ ನಿಷೇಧದ ಇತಿಹಾಸವನ್ನು ನಾನು ಎರಡೂ ಕಾವ್ಯಗಳಲ್ಲಿ ರಾಧೆಯ ಮಾತುಗಳನ್ನು ಗಟ್ಟಿಯಾಗಿ ಓದಿಸಿದ ಮೇಲಷ್ಟೇ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ವಿದ್ಯಾರ್ಥಿಗಳು ನಿಷೇಧಕ್ಕೆ ಕಾರಣವಾಗಿರಬಹುದಾದ ಪದ್ಯಗಳನ್ನೇ ಹುಡುಕುತ್ತಾ ಹೋಗುತ್ತಾರೆ. ರಾಧೆ ಯಾರಿಗೆ, ಯಾವ ಧಾಟಿಯಲ್ಲಿ, ಎಲ್ಲಿ ತಡೆದು ಮಾತಾಡುತ್ತಾಳೆ ಎಂಬುದು ಅವರ ಕಿವಿಗೆ ಬೀಳುವುದಿಲ್ಲ.