1920ಕ್ಕೂ ಮೊದಲೇ ಮತ ಹಾಕಿದ ಸಣ್ಣ ಊರಿನ ಮಹಿಳೆಯರು

ಪ್ರಶ್ನೆ: ಅಮೆರಿಕದ ಮಹಿಳೆಯರಿಗೆ ಮತದಾನದ ಹಕ್ಕು ದೊರೆತದ್ದು 1920ರಲ್ಲಿ ಎಂದು ಓದಿದ್ದೇವೆ. ಅದಕ್ಕೂ ಮೊದಲು ಅಲ್ಲಿನ ಸಣ್ಣ ಊರುಗಳ ಹೆಂಗಸರಿಗೆ ಊರಿನ ಆಡಳಿತದಲ್ಲಿ ಯಾವ ಪಾಲೂ ಇರಲಿಲ್ಲವೇ?

ಉತ್ತರ: ಕೆಲವು ಕಡೆ ಇತ್ತು. 1920ರ ಹತ್ತೊಂಬತ್ತನೆಯ ತಿದ್ದುಪಡಿಯು ಹೆಣ್ಣೆಂಬ ಕಾರಣಕ್ಕೆ ಯಾರಿಗೂ ಮತವನ್ನು ನಿರಾಕರಿಸಕೂಡದೆಂದು ಇಡೀ ದೇಶಕ್ಕೆ ವಿಧಿಸಿತು. ಅದಕ್ಕೆ ಮುನ್ನ ಮತದಾರರು ಯಾರೆಂಬುದನ್ನು ಬಹುಮಟ್ಟಿಗೆ ಆಯಾ ರಾಜ್ಯಗಳೇ ತೀರ್ಮಾನಿಸುತ್ತಿದ್ದವು. ವಯೋಮಿಂಗ್ ಪ್ರಾಂತ್ಯವು 1869ರಲ್ಲೇ ಮಹಿಳೆಯರಿಗೆ ಪೂರ್ಣ ಮತಾಧಿಕಾರ ಕೊಟ್ಟಿತು. ಕ್ಯಾನ್ಸಸ್ ರಾಜ್ಯ ಅದನ್ನು ಕಂತುಕಂತಾಗಿ ಕೊಟ್ಟಿತು: 1861ರಲ್ಲಿ ಶಾಲಾ ಚುನಾವಣೆಗಳಿಗೆ, 1887ರಲ್ಲಿ ಪಟ್ಟಣಗಳ ಚುನಾವಣೆಗಳಿಗೆ, 1912ರಲ್ಲಿ ಎಲ್ಲ ಚುನಾವಣೆಗಳಿಗೆ.

ಆ ಎರಡನೆಯ ಕಂತು ಬಂದ ವರ್ಷವೇ ಕ್ಯಾನ್ಸಸ್‌ನ ಆರ್ಗೋನಿಯಾ ಎಂಬ ಪುಟ್ಟ ಊರಿನಲ್ಲಿ ನಡೆದ ಘಟನೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಲೇಬೇಕು. ಅಲ್ಲಿನ ಮಹಿಳೆಯರು ಮದ್ಯಪಾನ ವಿರೋಧಿ ಸಂಘವೊಂದನ್ನು ಕಟ್ಟಿಕೊಂಡು, ಪಾನನಿಷೇಧವನ್ನು ಬೆಂಬಲಿಸುವ ಗಂಡಸರ ಹೆಸರುಗಳ ಪಟ್ಟಿಯನ್ನು ಚುನಾವಣೆಗೆ ಸಿದ್ಧಪಡಿಸಿದ್ದರು. ಅವರನ್ನು ಅವಮಾನಿಸಬೇಕೆಂದು ಕೆಲವು ಗಂಡಸರು ಅದೇ ಪಟ್ಟಿಯನ್ನು ನಕಲು ಮಾಡಿ, ಮೇಯರ್ ಸ್ಥಾನಕ್ಕೆ ಮಾತ್ರ ಸಂಘದ ಸದಸ್ಯೆ ಸುಸಾನಾ ಸಾಲ್ಟರ್ ಅವರ ಹೆಸರನ್ನು ಸೇರಿಸಿ ಮತಪತ್ರಗಳನ್ನು ಹಂಚಿದರು. ಅಭ್ಯರ್ಥಿಗಳ ಹೆಸರನ್ನು ಮುಂಚಿತವಾಗಿ ಪ್ರಕಟಿಸಬೇಕೆಂಬ ನಿಯಮ ಆಗ ಇರಲಿಲ್ಲವಾದ್ದರಿಂದ, 27 ವರ್ಷದ ಆ ಗೃಹಿಣಿಗೂ ವಿಷಯ ತಿಳಿದಿರಲಿಲ್ಲ. ಏಪ್ರಿಲ್ 4ರಂದು ಮತದಾನ ಆರಂಭವಾದ ಮೇಲೆ ರಿಪಬ್ಲಿಕನ್ ಪಕ್ಷದವರು ಅವರ ಮನೆಗೆ ಹೋದಾಗ ಅವರು ಬಟ್ಟೆ ಒಗೆಯುತ್ತಿದ್ದರು. ಗೆದ್ದರೆ ಹುದ್ದೆಯನ್ನು ಒಪ್ಪಿಕೊಳ್ಳುವಿರಾ ಎಂದು ಕೇಳಿದ್ದಕ್ಕೆ ಅವರು ಒಪ್ಪಿದರು. ಸುಮಾರು ಮೂರನೆಯ ಎರಡು ಭಾಗದಷ್ಟು ಮತ ಪಡೆದು ಗೆದ್ದರು. ಒಂದು ವರ್ಷ ಆಡಳಿತ ನಡೆಸಿದ್ದಕ್ಕೆ ಅವರಿಗೆ ಸಿಕ್ಕ ಸಂಬಳ 1 ಡಾಲರ್.

ಅಪಹಾಸ್ಯಕ್ಕೆ ಹೂಡಿದ ಆಟ ಹೀಗೆ ತಿರುಗಿಬಿದ್ದದ್ದು ಬರೀ ಅದೃಷ್ಟದಿಂದ ಎಂದು ನಾನು ಭಾವಿಸುವುದಿಲ್ಲ. ಸಂಸಾರವೆಲ್ಲ ಗಂಡನ ದುಡಿಮೆಯನ್ನೇ ನೆಚ್ಚಿಕೊಂಡಿದ್ದಾಗ, ಆ ದುಡಿಮೆ ಸಾರಾಯಿ ಅಂಗಡಿಗೆ ಹೋದರೆ ಮನೆಯ ಒಲೆ ಉರಿಯುತ್ತಿರಲಿಲ್ಲ. ಆದ್ದರಿಂದಲೇ 1873ರ ಚಳಿಗಾಲದಲ್ಲಿ ಓಹಾಯೋದ ಹಿಲ್ಸ್‌ಬರೊದಂಥ ಊರುಗಳಲ್ಲಿ ಹೆಂಗಸರು ಮದ್ಯದಂಗಡಿಗಳ ಮುಂದೆ ಮಂಡಿಯೂರಿ ಪ್ರಾರ್ಥಿಸಿದರು. ಮರುವರ್ಷ ಕ್ಲೀವ್‌ಲ್ಯಾಂಡ್‌ನಲ್ಲಿ ರಾಷ್ಟ್ರಮಟ್ಟದ ಸಂಘವೇ ಹುಟ್ಟಿತು. ಸಭೆ ನಡೆಸುವುದನ್ನೂ ಮನವಿ ಬರೆಯುವುದನ್ನೂ ಸಾವಿರಾರು ಗೃಹಿಣಿಯರು ಇಂಥ ಸಂಘಗಳಲ್ಲಿ ಕಲಿತರು, ಮತದ ಹಕ್ಕು ಕೈಗೆ ಬಂದಾಗ ಅದನ್ನು ಬಳಸುವ ಸಿದ್ಧತೆ ಅವರಲ್ಲಿತ್ತು.

ಈ ಹಕ್ಕು ಎಲ್ಲರಿಗೂ ಸಮನಾಗಿ ದಕ್ಕಲಿಲ್ಲ ಎಂಬುದನ್ನೂ ಹೇಳಬೇಕು. ದಕ್ಷಿಣದ ರಾಜ್ಯಗಳ ಕಪ್ಪು ಮಹಿಳೆಯರಲ್ಲಿ ಬಹುಪಾಲು ಮಂದಿಗೆ 1920ರ ನಂತರವೂ ಮತಗಟ್ಟೆಯ ಬಾಗಿಲು ತೆರೆಯಲಿಲ್ಲ. ಅದಕ್ಕೆ 1965ರ ಮತದಾನ ಹಕ್ಕು ಕಾಯ್ದೆಯವರೆಗೆ ಕಾಯಬೇಕಾಯಿತು.

ಸಾಲ್ಟರ್ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಆದರೆ 1888ರಲ್ಲಿ ಅದೇ ರಾಜ್ಯದ ಆಸ್ಕಲೂಸಾ ಊರಿನವರು ಮೇಯರ್ ಸ್ಥಾನಕ್ಕೂ ಪಟ್ಟಣ ಸಭೆಯ ಎಲ್ಲ ಸ್ಥಾನಗಳಿಗೂ ಮಹಿಳೆಯರನ್ನೇ ಆರಿಸಿದರು.